ಮಗಳು ಉಕ್ಕಿಗೆ ವಿಕಿರಣ ತಾಗಿಸುವ ಸಂಶೋಧನೆಗೆ ಹೊರಟಿದ್ದಾಳೆ, ಕಳಿಸಬಹುದೇ?

ಪ್ರಶ್ನೆ: ಗಂಗಾವತಿಯೊಳಗ ರೈಸ್‌ಮಿಲ್ ಮಷಿನ್ ರಿಪೇರಿ ಮಾಡೋ ಫಿಟರ್ ನಾನು. ಮಗಳು ಬಳ್ಳಾರಿಯೊಳಗ ಎಂ.ಎಸ್ಸಿ ಫಿಸಿಕ್ಸ್ ಮುಗಿಸ್ಯಾಳ, ಪರೀಕ್ಷೆ ಬರದು ಸಂಶೋಧನೆಗೆ ಸಿಗೋ ಫೆಲೋಶಿಪ್, ಜೆಆರ್‌ಎಫ್ ಆಗೇತಿ. ಈಗ ಒಂದು ಯೂನಿವರ್ಸಿಟಿಯೊಳಗ ಪಿಎಚ್‌ಡಿಗೆ ತಗೋತೀವಿ ಅಂದಾರ. ವಿಷಯ, ಫ್ಯೂಷನ್ ರಿಯಾಕ್ಟರಿನ ಉಕ್ಕಿನ ಮ್ಯಾಲೆ ವಿಕಿರಣದ ಪರಿಣಾಮ. ಫ್ರಾನ್ಸಿನೊಳಗ ಕಟ್ಟಾಕತ್ತಿರೋ ಇಟರ್ ಅನ್ನೋ ಯಂತ್ರಕ್ಕ ಸಂಬಂಧಪಟ್ಟದ್ದಂತ. ರೇಡಿಯೇಷನ್ ಅಂದ್ರ ನಾಳೆ ಮಕ್ಕಳಾಗೋದು ಕಷ್ಟ ಅಂತ ಮನಿಯಾಗ ದೊಡ್ಡವರು ಹೆದರ್ಯಾರ. ಫ್ರಾನ್ಸಿನವರ ಯಂತ್ರಕ್ಕ ನಮ್ಮ ಹುಡುಗಿ ಯಾಕ ಐದು ವರ್ಷ ದುಡೀಬೇಕು, ತೋರಣಗಲ್ ಕಡೆ ಸ್ಟೀಲ್ ಲ್ಯಾಬಿನೊಳಗ ಟ್ರೇನಿ ಕೆಲಸ ಬಂದದ, ಅಲ್ಲಿ ಸೇರಿಸು ಅಂತಾನ ನನ್ನ ತಮ್ಮ. ನನಗ ಇನ್ನೊಂದು ಅನುಮಾನ. ಅಲ್ಲಿ ನ್ಯೂಟ್ರಾನ್ ಇರೋದೇ ಇಲ್ಲ, ದಿಲ್ಲಿಗೆ ಹೋಗಿ ಒಂದೆರಡು ದಿನ ಹೀಲಿಯಂ ಹೊಡಿಸಿಕೊಂಡು ಬರೋದು ಅಂತ ಮಗಳೇ ಹೇಳಿದಳು. ಹಂಗಾದ್ರ ಅದು ಇಟರ್ ಕೆಲಸ ಹೆಂಗಾಗ್ತದ? ಯಾರರ ನಮಗ ಟೋಪಿ ಹಾಕಾಕತ್ತಾರೇನು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಮಗಳ ಆರೋಗ್ಯ, ಪರದೇಶದವರ ಯಂತ್ರ, ಮತ್ತು ಮೋಸ ಹೋಗುತ್ತೇವೇನೋ ಎಂಬ ಅಳುಕು. ಇಪ್ಪತ್ತು ವರ್ಷಗಳಿಂದ ಲೋಹಕ್ಕೆ ವಿಕಿರಣ ತಾಗಿದರೆ ಏನಾಗುತ್ತದೆ ಎಂಬುದನ್ನೇ ನೋಡುತ್ತ ಬಂದವಳು ನಾನು. ಮೂರರಲ್ಲಿ ನಿಮ್ಮ ಕೊನೆಯ ಅನುಮಾನವೇ ಗಟ್ಟಿ ಪ್ರಶ್ನೆ. ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಇಟರ್ ಯಂತ್ರದಲ್ಲಿ ನಡೆಯಬೇಕಿರುವುದು ಜಲಜನಕದ ಎರಡು ರೂಪಗಳನ್ನು, ಅಂದರೆ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಅನ್ನು, ಬೆಸೆಯುವ ಕೆಲಸ. ಫ್ಯೂಷನ್ ಅಂದರೆ ಇದೇ. ಬೆಸೆದಾಗ ಒಂದು ಹೀಲಿಯಂ, ಒಂದು ನ್ಯೂಟ್ರಾನ್ ಹುಟ್ಟುತ್ತವೆ. ನ್ಯೂಟ್ರಾನಿಗೆ ವಿದ್ಯುತ್ ಆವೇಶ ಇಲ್ಲ. ಹಾಗಾಗಿ ಎಷ್ಟೇ ದೊಡ್ಡ ಅಯಸ್ಕಾಂತ ಇಟ್ಟರೂ ಅದನ್ನು ಹಿಡಿದು ನಿಲ್ಲಿಸಲಾಗದು. 14.1 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯೊಂದಿಗೆ ನೇರ ಗೋಡೆಗೆ ನುಗ್ಗುತ್ತದೆ. ಈಗಿನ ಅಣುಸ್ಥಾವರಗಳಲ್ಲಿ ಯುರೇನಿಯಂ ಒಡೆದಾಗ ಹೊರಬರುವ ನ್ಯೂಟ್ರಾನಿನ ಸರಾಸರಿ ಶಕ್ತಿ ಸುಮಾರು 2. ಏಳು ಪಟ್ಟು ವ್ಯತ್ಯಾಸ. ಇಡೀ ಕಷ್ಟ ಇರುವುದು ಅಲ್ಲಿ.

ನಿಮ್ಮೂರಿನ ಗೋದಾಮನ್ನು ನೆನೆಸಿಕೊಳ್ಳಿ. ಭತ್ತದ ಚೀಲಗಳನ್ನು ಸಾಲಾಗಿ, ಒಂದರ ಮೇಲೊಂದು, ಅಚ್ಚುಕಟ್ಟಾಗಿ ಅಟ್ಟಿ ಹಾಕಿರುತ್ತಾರಲ್ಲ, ಉಕ್ಕಿನಲ್ಲಿ ಪರಮಾಣುಗಳು ಕೂತಿರುವುದು ಹಾಗೆಯೇ. ರಿವರ್ಸ್ ಬರುತ್ತಿರುವ ಲಾರಿ ಅಟ್ಟಿಗೆ ಗುದ್ದಿತು ಅನ್ನಿ. ಒಂದು ಚೀಲ ಜಾಗ ಬಿಟ್ಟು ಹಾರುತ್ತದೆ, ಅದು ಹೋಗಿ ಪಕ್ಕದ ನಾಲ್ಕಕ್ಕೆ ಬಡಿಯುತ್ತದೆ, ಕೊನೆಗೆ ಅಲ್ಲಲ್ಲಿ ಖಾಲಿ ಜಾಗ, ಇನ್ನೆಲ್ಲೋ ಸಂದಿಯಲ್ಲಿ ತುರುಕಿಕೊಂಡ ಚೀಲ. ನ್ಯೂಟ್ರಾನ್ ಮಾಡುವುದು ಇದನ್ನೇ. ಹಾರಿದವುಗಳಲ್ಲಿ ಹೆಚ್ಚಿನವು ಕ್ಷಣಾರ್ಧದಲ್ಲಿ ಮತ್ತೆ ಯಾವುದಾದರೂ ಖಾಲಿ ಜಾಗಕ್ಕೆ ಬಂದು ಕೂರುತ್ತವೆ. ಕೂರದೆ ಉಳಿದವುಗಳಿಂದಲೇ ಉಕ್ಕು ಗಡುಸಾಗುತ್ತದೆ, ಬಾಗುವ ಗುಣ ಕಳೆದುಕೊಳ್ಳುತ್ತದೆ. ಪ್ರತಿ ಪರಮಾಣುವೂ ಸರಾಸರಿ ಒಂದು ಸಲ ಜಾಗ ಬಿಟ್ಟು ಕದಲಿದರೆ ಅದನ್ನು ನಾವು ಒಂದು ಡಿಪಿಎ ಎನ್ನುತ್ತೇವೆ. ಇಟರ್‌ನ ಇಡೀ ಆಯುಷ್ಯದಲ್ಲಿ ಇದು ಕೆಲವೇ ಡಿಪಿಎ. ಮುಂದೆ ಕರೆಂಟು ಉತ್ಪಾದಿಸಬೇಕಾದ ಫ್ಯೂಷನ್ ಸ್ಥಾವರದಲ್ಲಿ ಹತ್ತಾರು.

ಇನ್ನೊಂದು ಪೆಟ್ಟು ಇದಕ್ಕಿಂತ ಗುಟ್ಟಿನದು. ಇಷ್ಟು ಶಕ್ತಿಯ ನ್ಯೂಟ್ರಾನ್ ಉಕ್ಕಿನ ಪರಮಾಣುವನ್ನು ಹೊಕ್ಕರೆ ಕೆಲವೊಮ್ಮೆ ಅಲ್ಲೇ, ಲೋಹದ ಹೊಟ್ಟೆಯಲ್ಲೇ, ಹೀಲಿಯಂ ಹುಟ್ಟುತ್ತದೆ. ಕಬ್ಬಿಣದೊಳಗೆ ಹೀಲಿಯಂ ಕರಗುವುದಿಲ್ಲ. ಖಾಲಿ ಜಾಗ ಹುಡುಕಿಕೊಂಡು ಹೋಗಿ ಅಲ್ಲಿ ಗುಂಪುಗೂಡಿ ಗುಳ್ಳೆಯಾಗುತ್ತದೆ. ಉಕ್ಕಿನಲ್ಲೂ ಕಾಳುಗಳಿವೆ, ನಾವು ಅವನ್ನು ಗ್ರೇನ್ ಎಂದೇ ಕರೆಯುತ್ತೇವೆ. ಕಾಳು ಕಾಳಿನ ನಡುವಿನ ಗಡಿಯಲ್ಲಿ ಈ ಗುಳ್ಳೆಗಳು ಸಾಲುಗಟ್ಟಿದರೆ ಉಕ್ಕು ಆ ಗಡಿಗುಂಟವೇ ಬಿರಿಯುತ್ತದೆ. ಮೊದಲ ಸಲ ಅವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಸಂಜೆ ನನಗೆ ಇವತ್ತಿಗೂ ನೆನಪಿದೆ. ಫೋಕಸ್ ಒಂದಿಷ್ಟು ಕೆಳಕ್ಕೆ ತಂದರೆ ಬೂದು ಬಣ್ಣದ ಉಕ್ಕಿನಲ್ಲಿ ಬಿಳಿ ಚುಕ್ಕೆ, ಸುತ್ತ ಕಪ್ಪು ಅಂಚು. ಮೇಲಕ್ಕೆ ತಂದರೆ ಅದೇ ಚುಕ್ಕೆ ಕಪ್ಪು. ಫೋಕಸ್ ಬದಲಿಸಿದಾಗ ಬಣ್ಣ ತಿರುಗಿದರೆ ಅದು ಗುಳ್ಳೆ, ತಿರುಗದಿದ್ದರೆ ಕೊಳೆ. ಎರಡು ತಿಂಗಳು ನಾನು ಕೊಳೆಯನ್ನೇ ಗುಳ್ಳೆ ಎಂದು ಎಣಿಸುತ್ತ ಕೂತಿದ್ದೆ. ಗೈಡ್ ಬಂದು ಹಿಂದೆ ನಿಂತು, ನಾಬ್ ತಿರುಗಿಸಿ ತೋರಿಸಿದರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹೊಡೆಯುವುದು ನ್ಯೂಟ್ರಾನ್ ಆಗಿರುವಾಗ ನ್ಯೂಟ್ರಾನಿನಿಂದಲೇ ಯಾಕೆ ಪರೀಕ್ಷೆ ಮಾಡಬಾರದು? ಯಾಕೆಂದರೆ ಆ ಶಕ್ತಿಯ ನ್ಯೂಟ್ರಾನ್‌ಗಳನ್ನು, ಬೇಕಾದಷ್ಟು ಪ್ರಮಾಣದಲ್ಲಿ, ಬೇಕಾದಷ್ಟು ಕಾಲ ಸುರಿಸುವ ಜಾಗ ಇವತ್ತು ಭೂಮಿಯ ಮೇಲೆ ಎಲ್ಲೂ ಇಲ್ಲ. ಅದಕ್ಕೆಂದೇ ಸ್ಪೇನಿನ ಗ್ರನಾಡಾ ಬಳಿ ಡೋನ್ಸ್ ಎಂಬ ಕೇಂದ್ರ ಕಟ್ಟುತ್ತಿದ್ದಾರೆ. ಸಂಶೋಧನಾ ರಿಯಾಕ್ಟರಿನಲ್ಲಿಟ್ಟರೆ ನ್ಯೂಟ್ರಾನಿನ ಶಕ್ತಿ ಕಡಿಮೆ, ಕಾಯಬೇಕಾದದ್ದು ತಿಂಗಳು ವರ್ಷ, ಹೊರಬಂದ ಮಾದರಿ ತಾನೇ ವಿಕಿರಣಶೀಲ, ಅದನ್ನು ದಪ್ಪ ಗೋಡೆಯ ಹಿಂದಿನಿಂದ ಯಂತ್ರದ ಕೈಗಳಲ್ಲಿ ಹಿಡಿಯಬೇಕು. ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಅದು ನಿಲುಕುವಂಥದ್ದಲ್ಲ. ಹಾಗಾಗಿ ಕಣಗಳನ್ನು ಜೋರಾಗಿ ಓಡಿಸುವ ವೇಗವರ್ಧಕ ಎಂಬ ಯಂತ್ರದಿಂದ ಹೀಲಿಯಂ ಅಥವಾ ಕಬ್ಬಿಣದ ಅಯಾನುಗಳನ್ನು, ಅಂದರೆ ವಿದ್ಯುತ್ ಆವೇಶ ಹೊತ್ತ ಪರಮಾಣುಗಳನ್ನು, ಉಕ್ಕಿಗೆ ಹೊಡೆಯುತ್ತೇವೆ. ರಿಯಾಕ್ಟರಿನಲ್ಲಿ ವರ್ಷಗಟ್ಟಲೆ ಹಿಡಿಯುವ ಹಾನಿ ಕೆಲವು ಗಂಟೆಗಳಲ್ಲಿ ಆಗುತ್ತದೆ. ದಿಲ್ಲಿ ಅಂದದ್ದು ಬಹುಶಃ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ, ನಮ್ಮ ಬಾಯಲ್ಲಿ ಐಯುಎಸಿ. ಯುಜಿಸಿ 1984ರಲ್ಲಿ ಶುರುಮಾಡಿದ್ದು. ಬಳ್ಳಾರಿಯ ವಿದ್ಯಾರ್ಥಿಯಾಗಲಿ, ಗುವಾಹಟಿಯ ವಿದ್ಯಾರ್ಥಿಯಾಗಲಿ, ಅರ್ಜಿ ಹಾಕಿ ಸಮಿತಿ ಒಪ್ಪಿದರೆ ಅಲ್ಲಿ ಬೀಮ್‌ಟೈಮ್, ಅಂದರೆ ಅಯಾನು ಹೊಡಿಸಿಕೊಳ್ಳುವ ಸರದಿ, ಸಿಗುತ್ತದೆ. ಸ್ವಂತ ವೇಗವರ್ಧಕ ಇಲ್ಲದ ಸಣ್ಣ ವಿಶ್ವವಿದ್ಯಾಲಯಗಳ ಪಾಲಿಗೆ ಅದು ದೊಡ್ಡ ಆಸರೆ.

ಹಾಗಂತ ಎರಡೂ ಒಂದೇ ಅಲ್ಲ. ಕೆಲವು ನೂರು ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಹೀಲಿಯಂ ಉಕ್ಕಿನೊಳಗೆ ಒಂದು ಮೈಕ್ರಾನ್ ಆಸುಪಾಸಿಗೆ ನಿಂತುಬಿಡುತ್ತದೆ. ನಿಮ್ಮ ತಲೆಗೂದಲು ಅದಕ್ಕಿಂತ ಐವತ್ತು ಅರವತ್ತು ಪಟ್ಟು ದಪ್ಪ. ನ್ಯೂಟ್ರಾನ್ ಇಡೀ ಗೋಡೆಯನ್ನು ಒಳಗಿಂದ ಕೆಡಿಸಿದರೆ ಅಯಾನು ಚರ್ಮವನ್ನಷ್ಟೇ ಕೆಡಿಸುತ್ತದೆ. ಹಾನಿಯ ವೇಗವೂ ಬೇರೆ. ವರ್ಷಗಳಲ್ಲಿ ನಿಧಾನ ಆಗಬೇಕಾದದ್ದನ್ನು ಗಂಟೆಗಳಲ್ಲಿ ಮಾಡಿದಾಗ ಪರಮಾಣುಗಳಿಗೆ ಅತ್ತಿತ್ತ ಸರಿದು ಸುಧಾರಿಸಿಕೊಳ್ಳಲು ಪುರಸೊತ್ತು ಸಿಗುವುದಿಲ್ಲ. ಅದನ್ನು ಸರಿದೂಗಿಸಲು ಮಾದರಿಯನ್ನು ಹೆಚ್ಚು ಬಿಸಿ ಮಾಡುತ್ತೇವೆ, ಎಷ್ಟು ಬಿಸಿ ಎಂಬುದರ ಮೇಲೆ ಇವತ್ತಿಗೂ ವಾದ ನಡೆಯುತ್ತದೆ. ಹಾಗಾಗಿ ಈ ಪರೀಕ್ಷೆಯಿಂದ ಯಾವ ಉಕ್ಕು ಇನ್ನೊಂದಕ್ಕಿಂತ ಚೆನ್ನಾಗಿ ತಡೆಯುತ್ತದೆ, ಗುಳ್ಳೆ ಎಲ್ಲಿ ಸೇರುತ್ತದೆ, ಯಾವ ಶಾಖಸಂಸ್ಕಾರ ಮಾಡಿದರೆ ಕಡಿಮೆ ಸೇರುತ್ತದೆ ಎಂದು ಹೇಳಬಹುದು. ಈ ಉಕ್ಕು ರಿಯಾಕ್ಟರಿನಲ್ಲಿ ಇಂತಿಷ್ಟು ವರ್ಷ ಬಾಳುತ್ತದೆ ಎಂದು ಹೇಳಲಾಗದು. ಈ ಮಿತಿಯನ್ನು ಗೈಡ್ ತಾವಾಗೇ ಹೇಳಿದ್ದರೆ ಟೋಪಿಯ ಮಾತೇ ಬರುವುದಿಲ್ಲ. ಮುಚ್ಚಿಟ್ಟಿದ್ದರೆ ನಿಮ್ಮ ಅನುಮಾನ ಸರಿ. ನ್ಯೂಟ್ರಾನ್ ಇಲ್ಲ ಎಂದು ಮಗಳಿಗೆ ಮೊದಲೇ ಬಿಡಿಸಿ ಹೇಳಿರುವುದು ನನಗಂತೂ ಒಳ್ಳೆಯ ಲಕ್ಷಣವಾಗಿ ಕಾಣುತ್ತದೆ.

ಆದರೆ ಇಟರ್ ಹೆಸರಿನ ವಿಷಯದಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಇಟರ್‌ನ ಮುಖ್ಯ ಪಾತ್ರೆ 316 ಜಾತಿಯ ಸ್ಟೇನ್‌ಲೆಸ್ ಸ್ಟೀಲಿನದು. ನಿಮ್ಮ ಮಗಳು ಓದಲಿರುವುದು ಬಹುಮಟ್ಟಿಗೆ ರಾಫ್ಮ್ ಎಂದು ಕರೆಯುವ, ವಿಕಿರಣ ಬೇಗ ತಗ್ಗುವಂತೆ ರೂಪಿಸಿದ ಬೇರೆ ಉಕ್ಕನ್ನು. ಅದು ಮುಂದಿನ ಪೀಳಿಗೆಯ ರಿಯಾಕ್ಟರಿನ ಒಳಗೋಡೆಗೆ, ಅಂದರೆ ಬ್ಲಾಂಕೆಟ್ ಎಂಬ ಭಾಗಕ್ಕೆ ಬೇಕಾದದ್ದು. ಇಟರ್‌ನಲ್ಲಿ ಅದನ್ನು ಸಣ್ಣ ಪರೀಕ್ಷಾ ಘಟಕಗಳಲ್ಲಿಟ್ಟು ನೋಡುವ ಯೋಜನೆ ಇದೆ. ಈ ಉಕ್ಕಿನ ನೆಂಟ ನಿಮ್ಮ ನೆರೆಯಲ್ಲೇ ಇದ್ದಾನೆ. ರಾಯಚೂರಿನ ಯರಮರಸ್‌ನಂಥ ಸೂಪರ್‌ಕ್ರಿಟಿಕಲ್ ವಿದ್ಯುತ್ ಸ್ಥಾವರಗಳಲ್ಲಿ ಹೆಚ್ಚು ಬಿಸಿಯಾಗುವ ಪೈಪುಗಳಿಗೆ ಸಾಮಾನ್ಯವಾಗಿ ಬಳಸುವುದು 9 ಪ್ರತಿಶತ ಕ್ರೋಮಿಯಂ, 1 ಪ್ರತಿಶತ ಮಾಲಿಬ್ಡಿನಂ, ಚೂರು ನಯೋಬಿಯಂ ಇರುವ ಉಕ್ಕು. ಬಾಯ್ಲರಿಗೆ ಅದು ಅಪ್ಪಟ ಮಾಲು. ಫ್ಯೂಷನ್ ಗೋಡೆಗೆ ಹಾಕಿದರೆ ಮಾತ್ರ ಅದರ ನಯೋಬಿಯಂ ನ್ಯೂಟ್ರಾನ್ ನುಂಗಿ, ಅರ್ಧಾಯುಷ್ಯ ಸುಮಾರು 20,000 ವರ್ಷ ಇರುವ ವಿಕಿರಣಶೀಲ ರೂಪಕ್ಕೆ ತಿರುಗುತ್ತದೆ. ಅದಕ್ಕೇ ಮಾಲಿಬ್ಡಿನಂ ತೆಗೆದು ಟಂಗ್‌ಸ್ಟನ್, ನಯೋಬಿಯಂ ತೆಗೆದು ಟ್ಯಾಂಟಲಂ ಹಾಕಿದರು. ನಮ್ಮ ದೇಶದ ರಾಫ್ಮ್‌ನಲ್ಲಿ ಟಂಗ್‌ಸ್ಟನ್ 1.4 ಪ್ರತಿಶತ, ಟ್ಯಾಂಟಲಂ 0.06. ಕಲ್ಪಾಕ್ಕಂನ ಇಂದಿರಾಗಾಂಧಿ ಅಣುಸಂಶೋಧನಾ ಕೇಂದ್ರ, ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ, ಹೈದರಾಬಾದಿನ ಮಿಶ್ರಲೋಹ ಕಾರ್ಖಾನೆ ಮಿಧಾನಿ ಸೇರಿ ಮಾಡಿದ ಉಕ್ಕು ಅದು. ಕೆಲಸ ಮುಗಿದು ತೆಗೆದಿಟ್ಟ ಮೇಲೆ ಸಾವಿರಾರು ವರ್ಷ ಕಾಯದೆ, ನೂರು ವರ್ಷದ ಆಸುಪಾಸಿನಲ್ಲಿ ಅದರ ವಿಕಿರಣ ತಗ್ಗಬೇಕು ಎಂಬುದು ಗುರಿ.

ಇನ್ನು ನಿಮ್ಮ ತಮ್ಮನ ಮಾತು. ಯಂತ್ರ ಇರುವುದು ಫ್ರಾನ್ಸಿನಲ್ಲಿ, ಆದರೆ ಅದು ಫ್ರಾನ್ಸಿನದಲ್ಲ. ಐರೋಪ್ಯ ಒಕ್ಕೂಟ, ಅಮೆರಿಕ, ರಷ್ಯಾ, ಚೀನಾ, ಜಪಾನ್, ದಕ್ಷಿಣ ಕೊರಿಯಾಗಳ ಜೊತೆ ಭಾರತವೂ ಪಾಲುದಾರ. ಒಪ್ಪಂದಕ್ಕೆ ಸಹಿ ಬಿದ್ದದ್ದು 2006ರ ನವೆಂಬರಿನಲ್ಲಿ. ನಿರ್ಮಾಣದ ಖರ್ಚಿನಲ್ಲಿ ಭಾರತದ ಪಾಲು ಸುಮಾರು 9 ಪ್ರತಿಶತ, ಅದರಲ್ಲಿ ಹೆಚ್ಚಿನಂಶವನ್ನು ಕೊಡುವುದು ಹಣದ ರೂಪದಲ್ಲಲ್ಲ, ಇಲ್ಲೇ ತಯಾರಿಸಿದ ಭಾಗಗಳ ರೂಪದಲ್ಲಿ. ಇಡೀ ಯಂತ್ರವನ್ನು ಹೊರಗಿನಿಂದ ಸುತ್ತುವರಿಯುವ ಸುಮಾರು 3,800 ಟನ್ನಿನ ಸ್ಟೇನ್‌ಲೆಸ್ ಕ್ರಯೋಸ್ಟಾಟ್ ತುಂಡು ತುಂಡಾಗಿ ಗುಜರಾತಿನ ಹಜೀರಾದಿಂದ ಹಡಗಿನಲ್ಲಿ ಹೋಯಿತು. 1,250 ಟನ್ನಿನ ಅದರ ತಳವನ್ನು 2020ರ ಮೇ ತಿಂಗಳಲ್ಲಿ ಗುಂಡಿಗೆ ಇಳಿಸಿದರು. ಅಲ್ಲಿ ಕಲಿತ ಪಾಠದಲ್ಲಿ ನಮಗೂ ಹಕ್ಕಿದೆ.

ಅಷ್ಟು ದೊಡ್ಡ ಯಂತ್ರಕ್ಕೆ ಸಣ್ಣ ಪ್ರಯೋಗಾಲಯದ ಹುಡುಗಿ ಏನು ಕೊಟ್ಟಾಳು ಅನಿಸಬಹುದು. ನಮ್ಮ ತುಂಗಭದ್ರಾ ಡ್ಯಾಮಿಗೆ 33 ಕ್ರೆಸ್ಟ್ ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಡದಂಡೆ ನಾಲೆಯನ್ನೇ ನಂಬಿದ ನಿಮ್ಮೂರಿನವರು ಆ ವಾರ ಹೇಗೆ ಕಳೆದರು ಎಂದು ನಿಮಗೆ ನಾನು ಹೇಳಬೇಕಿಲ್ಲ. ತುಂಡಾದದ್ದು ಚೈನು, ಅಪಾಯಕ್ಕೆ ಬಿದ್ದದ್ದು ಇಡೀ ಜಲಾಶಯದ ನೀರು. ಇಟರ್‌ನಲ್ಲೂ ಇಂಥದ್ದೇ ಆಗಿದೆ. ಅಯಸ್ಕಾಂತಗಳಿಗೆ ಶಾಖ ತಾಗದಂತೆ ತಡೆಯುವ ತೆಳು ಕವಚಗಳ ತಂಪುಪೈಪಿನಲ್ಲಿ 2021ರ ಕೊನೆಗೆ ಸೋರಿಕೆ ಕಂಡಿತು. ಬಿಚ್ಚಿ ನೋಡಿದರೆ ಬೆಸುಗೆಯ ಪಕ್ಕದ ಸಂದಿಗಳಲ್ಲಿ ಕ್ಲೋರಿನ್ ಶೇಷ ಉಳಿದಿತ್ತು. ಪೈಪು ಬಾಗಿಸಿ ಬೆಸೆದಾಗ ಹುಟ್ಟಿದ ಒಳಬಿಗಿತ, ಅದರ ಮೇಲೆ ಈ ಕ್ಲೋರಿನ್, ಎರಡೂ ಸೇರಿ ನಿಧಾನಕ್ಕೆ ಬಿರುಕು ಬಿಡಿಸಿದ್ದವು. ಕೆಲವು ಬಿರುಕು 2.2 ಮಿಲಿಮೀಟರ್ ಆಳ. ಸುಮಾರು 23 ಕಿಲೋಮೀಟರ್ ಪೈಪು ಬದಲಿಸಬೇಕಾಯಿತು. ಸ್ಟೇನ್‌ಲೆಸ್ಸಿಗೆ ಉಪ್ಪು ಆಗಿಬರುವುದಿಲ್ಲ ಎನ್ನುವುದು ನಿಮಗೇ ಗೊತ್ತಿರುವ ಮಾತು, ಬೋರಿನ ಸವುಳು ನೀರು ನಿಂತ ಕಡೆ ವೆಲ್ಡಿಂಗ್ ಪಕ್ಕದಲ್ಲೇ ಮೊದಲು ತೂತು ಬೀಳುತ್ತದಲ್ಲವೇ? ಬಿರುಕನ್ನು ಕೊಯ್ದು, ಉಜ್ಜಿ, ಸೂಕ್ಷ್ಮದರ್ಶಕದಲ್ಲಿಟ್ಟು ಇದು ಯಾಕೆ ಹೀಗಾಯಿತು ಎಂದು ಓದಬಲ್ಲವರು ಬೇಕು. ಅವರು ತಯಾರಾಗುವುದು ನಿಮ್ಮ ಮಗಳು ಹೋಗಲಿರುವಂಥ ವಿಭಾಗಗಳಲ್ಲಿ.

ಈಗ ಮನೆಯ ಹಿರಿಯರ ಭಯ. ಇದನ್ನು ಹಗುರವಾಗಿ ತಳ್ಳಿಹಾಕುವವಳು ನಾನಲ್ಲ. ವಿಕಿರಣ ಹೆಚ್ಚಾದರೆ ಗರ್ಭಕ್ಕೆ ಹಾನಿ ಎಂಬುದು ನಿಜ. ಪ್ರಶ್ನೆ ಇರುವುದು ಎಷ್ಟು ಎಂಬುದರಲ್ಲಿ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ನಮಗೆಲ್ಲ ತಾನಾಗಿ ಬರುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಅಣುಶಕ್ತಿ ನಿಯಂತ್ರಣ ಮಂಡಳಿ ಹಾಕಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30ಕ್ಕೆ ಮೀರುವಂತಿಲ್ಲ. ಗರ್ಭಿಣಿ ಎಂದು ತಿಳಿಸಿದ ಮೇಲಿನ ಮಿತಿ ಇದಕ್ಕಿಂತ ಬಹಳ ಬಿಗಿ. ಬೀಮ್ ಬರುವಾಗ ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ, ಬಾಗಿಲು ತೆರೆದರೆ ಬೀಮ್ ನಿಲ್ಲುವ ವ್ಯವಸ್ಥೆ ಇರುತ್ತದೆ. ಮಗಳು ಕೂರುವುದು ಹೊರಗಿನ ಕಂಟ್ರೋಲ್ ರೂಮಿನಲ್ಲಿ. ಇಷ್ಟು ಕಡಿಮೆ ಶಕ್ತಿಯ ಹೀಲಿಯಂ ತಾಗಿದ ಉಕ್ಕು ವಿಕಿರಣಶೀಲವೂ ಆಗುವುದಿಲ್ಲ. ಅದನ್ನು ಪೊಟ್ಟಣ ಕಟ್ಟಿ ಬ್ಯಾಗಿನಲ್ಲಿಟ್ಟುಕೊಂಡು ರೈಲಿನಲ್ಲಿ ಊರಿಗೆ ಬರಬಹುದು, ನಾನು ಹಾಗೇ ಬಂದವಳು. ಹೆಚ್ಚು ಶಕ್ತಿಯ ಬೀಮ್ ಆದರೆ ಲೆಕ್ಕ ಬೇರೆ, ಅಲ್ಲಿ ಮಾದರಿಯನ್ನು ಅಳೆದು ನೋಡಿ, ತಣಿದ ಮೇಲಷ್ಟೇ ಕೈಗೆ ಕೊಡುತ್ತಾರೆ. ಈ ಕೆಲಸದ ನಡುವೆಯೇ ನಾನು ಇಬ್ಬರು ಮಕ್ಕಳ ತಾಯಿಯಾದೆ. ಅದು ಪುರಾವೆಯಲ್ಲ, ಆದರೆ ಮನೆಯ ಹೆಂಗಸರಿಗೆ ಅಂಕಿಗಿಂತ ಈ ಮಾತು ಸಮಾಧಾನ ಕೊಡುವುದಾದರೆ ಧಾರಾಳವಾಗಿ ಹೇಳಿ.

ನನಗೆ ಭಯ ಇರುವುದು ಬೇರೆ ಕಡೆ, ಆ್ಯಸಿಡ್ಡಿನಲ್ಲಿ. ಸೂಕ್ಷ್ಮದರ್ಶಕದಲ್ಲಿ ನೋಡಲು ಮೂರು ಮಿಲಿಮೀಟರಿನ ಉಕ್ಕಿನ ಬಿಲ್ಲೆಯನ್ನು ಎಲೆಕ್ಟ್ರಾನ್ ದಾಟಿಹೋಗುವಷ್ಟು ತೆಳು ಮಾಡಬೇಕು. ಅದಕ್ಕೆ ಪರ್ಕ್ಲೋರಿಕ್ ಆ್ಯಸಿಡ್ ಮತ್ತು ಮೆಥನಾಲ್ ಮಿಶ್ರಣವನ್ನು ಸೊನ್ನೆಗಿಂತ ಎಷ್ಟೋ ಕೆಳಗೆ ತಣ್ಣಗಿಟ್ಟು ಬಳಸುತ್ತಾರೆ. ಬಿಸಿಯಾದರೆ, ಒಣಗಿ ಹರಳುಗಟ್ಟಿದರೆ ಅದು ಸಿಡಿಯಬಹುದು. ನಾನು ಕಲಿಯುತ್ತಿದ್ದ ಒಂದು ಪ್ರಯೋಗಾಲಯದಲ್ಲಿ, ಆ್ಯಸಿಡ್ ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್ಡಿನ ಫ್ಯಾನು ಕೆಟ್ಟು ತಿಂಗಳುಗಟ್ಟಲೆ ಹಾಗೇ ಬಿದ್ದಿತ್ತು, ನಾವು ಕಿಟಕಿ ತೆಗೆದು ಕೆಲಸ ಮಾಡುತ್ತಿದ್ದೆವು. ಇವತ್ತು ನನ್ನ ವಿದ್ಯಾರ್ಥಿಗಳಿಗೆ ಅಂಥದ್ದಕ್ಕೆ ನಾನು ಬಿಡುವುದಿಲ್ಲ. ಸೇರಿದ ಮೇಲೆ ಮಗಳಿಗೆ ವಿಕಿರಣ ಅಳೆಯುವ ಬ್ಯಾಡ್ಜ್ ಇದೆಯಾ ಎಂದು ಕೇಳಿದಷ್ಟೇ ಕಾಳಜಿಯಿಂದ ಹುಡ್ಡಿನ ಫ್ಯಾನ್ ತಿರುಗುತ್ತದಾ ಎಂದೂ ಕೇಳಿ.

ಹಾಗಾದರೆ ಏನು ಮಾಡುವುದು? ಟ್ರೇನಿ ಕೆಲಸ ಕೀಳಲ್ಲ. ಉಕ್ಕಿನ ಪ್ರಯೋಗಾಲಯದಲ್ಲಿ ಎರಡು ವರ್ಷ ದುಡಿದವರಿಗೆ ಲೋಹದ ಬಗ್ಗೆ ಬರುವ ಕೈಹದ ಎಂ.ಎಸ್ಸಿ ಪುಸ್ತಕದಿಂದ ಬರುವುದಿಲ್ಲ. ಮನೆಗೆ ಈಗಲೇ ಸಂಬಳ ಬೇಕೇಬೇಕು ಎಂದಿದ್ದರೆ ಸಂಕೋಚವಿಲ್ಲದೆ ಸೇರಲಿ. ಒಂದೇ ತೊಡಕು, ಜೆಆರ್‌ಎಫ್ ಪತ್ರಕ್ಕೆ ಗಡುವಿರುತ್ತದೆ. ಅವಳ ಪತ್ರದಲ್ಲಿರುವ ತಾರೀಖು ನೋಡಿಕೊಂಡೇ ನಿರ್ಧರಿಸಿ. ಕಳೆದುಹೋದರೆ ಪರೀಕ್ಷೆ ಮತ್ತೆ ಬರೆಯಬೇಕು, ಶಿಫ್ಟ್ ಡ್ಯೂಟಿ ಮಾಡುತ್ತ ಅದನ್ನು ಬರೆದು ಪಾಸಾದವರನ್ನು ನಾನು ಹೆಚ್ಚು ಕಂಡಿಲ್ಲ.

ಪಿಎಚ್‌ಡಿಗೆ ಸೇರಿದರೆ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ ಫೆಲೋಶಿಪ್. ಆದರೆ ಅದು ತಿಂಗಳು ತಿಂಗಳು ಸರಿಯಾಗಿ ಬರುತ್ತದೆಂದು ನಂಬಿ ಸಾಲ ಮಾಡಬೇಡಿ. ಮೂರ್ನಾಲ್ಕು ತಿಂಗಳು ತಡವಾಗಿ ಒಟ್ಟಿಗೆ ಬರುವುದುಂಟು. ಬೀಮ್‌ಟೈಮ್ ಅರ್ಜಿ ಮೊದಲ ಸಲ ಬಿದ್ದುಹೋಗಬಹುದು. ಸೂಕ್ಷ್ಮದರ್ಶಕ ಕೆಟ್ಟರೆ ಆರು ತಿಂಗಳು ಕೈಕಟ್ಟಿ ಕೂರಬೇಕಾಗಬಹುದು. ಮುಗಿದ ಮೇಲೆ ವಿಶ್ವವಿದ್ಯಾಲಯದ ಕೆಲಸ ಕಾದಿರುತ್ತದೆ ಎಂದು ನಾನು ಹೇಳಲಾರೆ, ನಮ್ಮ ಭಾಗದಲ್ಲಿ ಖಾಲಿ ಹುದ್ದೆಗಳು ತುಂಬುವ ವೇಗ ನಿಮಗೆ ಗೊತ್ತೇ ಇದೆ. ಇಟರ್ ಕೂಡ ತಡ. 2025ಕ್ಕೆ ಶುರುವಾಗಬೇಕಿದ್ದದ್ದು ಹೊಸ ವೇಳಾಪಟ್ಟಿಯಲ್ಲಿ 2034ಕ್ಕೆ ಹೋಗಿದೆ, ಟ್ರಿಟಿಯಂ ಸೇರಿಸಿ ನಡೆಸುವುದು 2039ಕ್ಕೆ. ಹಾಗಾಗಿ ಇಟರ್‌ನಲ್ಲಿ ಕೆಲಸ ಸಿಗುತ್ತದೆ ಎಂಬ ಆಸೆಯೊಂದನ್ನೇ ಇಟ್ಟುಕೊಂಡು ಸೇರಬಾರದು. ಕೈಗೆ ಬರುವ ವಿದ್ಯೆಗಾಗಿ ಸೇರಬೇಕು. ಬಿರುಕು ಓದುವುದು, ಗಡುಸುತನ ಅಳೆಯುವುದು, ಸೂಕ್ಷ್ಮದರ್ಶಕ ನಡೆಸುವುದು ಬಂದರೆ ಬಾಯ್ಲರ್, ಟರ್ಬೈನ್, ಅಣುಸ್ಥಾವರ, ಉಕ್ಕಿನ ಕಾರ್ಖಾನೆ ಎಲ್ಲೂ ಅದು ನಡೆಯುವ ನಾಣ್ಯ. ಐದು ವರ್ಷ ಬಿಟ್ಟು ತೋರಣಗಲ್ಲಿಗೇ ಬಂದರೂ ಟ್ರೇನಿಯಾಗಿ ಬರುವುದಿಲ್ಲ.

ಮೂರನೆಯ ದಾರಿಯೂ ಇದೆ. ಜೆಸ್ಟ್ ಎಂಬ ಪಿಎಚ್‌ಡಿ ಪ್ರವೇಶ ಪರೀಕ್ಷೆ ಬರೆದು ಗಾಂಧಿನಗರ ಅಥವಾ ಕಲ್ಪಾಕ್ಕಂನಲ್ಲೇ ಪಿಎಚ್‌ಡಿಗೆ ಪ್ರಯತ್ನಿಸಬಹುದು. ಉಕ್ಕೂ ಅಲ್ಲೇ, ಯಂತ್ರವೂ ಅಲ್ಲೇ. ಸ್ಪರ್ಧೆ ಜೋರು, ಒಂದು ವರ್ಷ ತಯಾರಿಗೆ ಹೋಗಬಹುದು. ಈಗ ಸಿಕ್ಕಿರುವ ಗೈಡ್ ಚೆನ್ನಾಗಿದ್ದರೆ ಅದಕ್ಕಾಗಿ ಇದನ್ನು ಬಿಡು ಎಂದು ನಾನು ಹೇಳುವುದಿಲ್ಲ.

ಗೈಡ್ ಚೆನ್ನಾಗಿದ್ದಾರೆಯೇ ಎಂದು ತಿಳಿಯಲು ಮಗಳು ಒಂದು ದಿನ ಅಲ್ಲಿಗೆ ಹೋಗಿಬರಲಿ, ನೀವೂ ಜೊತೆಗೆ ಹೋಗಿ. ಕಳೆದ ಮೂರು ವರ್ಷದಲ್ಲಿ ಎಷ್ಟು ಸಲ ಬೀಮ್‌ಟೈಮ್ ಸಿಕ್ಕಿತು? ಉಕ್ಕು ಯಾರು ಕೊಡುತ್ತಾರೆ, ಕೈಗೆ ಬಂದಿದೆಯೋ ಇನ್ನೂ ಬರಬೇಕೋ? ಗುಳ್ಳೆ ನೋಡುವ ಸೂಕ್ಷ್ಮದರ್ಶಕ ಎಲ್ಲಿದೆ, ಸರದಿ ಎಷ್ಟು ದಿನದ್ದು? ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು, ಈಗ ಎಲ್ಲಿದ್ದಾರೆ? ಕೇಳಲು ನಾಚಿಕೆ ಬೇಡ, ಒಳ್ಳೆಯ ಗೈಡ್ ಇವಕ್ಕೆ ಸಿಟ್ಟಾಗುವುದಿಲ್ಲ. ಗೈಡ್ ಇಲ್ಲದ ಹೊತ್ತಿನಲ್ಲಿ ಅಲ್ಲಿರುವ ಹುಡುಗಿಯರನ್ನು ನಿಮ್ಮ ಮಗಳು ಒಬ್ಬಳೇ ಮಾತಾಡಿಸಲಿ. ರಾತ್ರಿ ಕೆಲಸ, ಹಾಸ್ಟೆಲ್, ಗೈಡ್ ನಡವಳಿಕೆ, ಎಲ್ಲ ಅವರೇ ಹೇಳುತ್ತಾರೆ.

ಆಮೇಲೆ ಮಾದರಿಗಳ ಡಬ್ಬಿ ತೋರಿಸಿ ಎಂದು ಕೇಳಿ. ಫಿಟರ್ ಆದ ನಿಮಗೆ ಅದರಲ್ಲಿ ಓದುವುದು ಬೇಕಾದಷ್ಟಿದೆ. ಬೆರಳಿನ ಉಗುರಿಗಿಂತ ಚಿಕ್ಕ ಉಕ್ಕಿನ ಚೂರುಗಳು, ಒಂದೊಂದು ಒಂದೊಂದು ಪೊಟ್ಟಣದಲ್ಲಿರಬೇಕು. ಪೊಟ್ಟಣದ ಮೇಲೆ ಯಾವ ಹೀಟಿನ, ಅಂದರೆ ಕುಲುಮೆಯ ಯಾವ ಸಲದ ಉಕ್ಕು, ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಕಾಯಿಸಿದ್ದು, ಯಾವ ತಾರೀಖಿಗೆ ಬೀಮ್ ತಾಗಿದ್ದು, ಯಾವ ಮೈ ಮೇಲಾಗಿದ್ದದ್ದು ಎಂದು ಬರೆದಿರಬೇಕು. ಒಂದನ್ನು ಬೆಳಕಿಗೆ ಹಿಡಿದು ನೋಡಿ, ಪಾಲಿಶ್ ಆದ ಮೈ ಕನ್ನಡಿಯಂತಿದ್ದು ಒಂದೂ ಗೀರು ಕಾಣಬಾರದು. ಮೈ ಹಾಗಿದ್ದು, ಚೀಟಿಯೂ ಸರಿ ಇದ್ದರೆ ಅಲ್ಲಿ ಸೇರಿಸಿ. ಚೀಟಿ ಇಲ್ಲದ ಚೂರುಗಳು ಒಂದೇ ಡಬ್ಬಿಯಲ್ಲಿ ಕಲೆತು ಬಿದ್ದಿದ್ದರೆ ತೋರಣಗಲ್ಲಿಗೆ ಫೋನ್ ಮಾಡಿ, ಆ ಕೆಲಸ ಇನ್ನೂ ಇದೆಯಾ ಎಂದು ಕೇಳಿ.